ಅರ್ಧ ಅಳು

ನನ್ನ ಹೆಂಡತಿ ಶೈಲಾ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಕೊನೆಯ ಸಲ ಇಳಿದದ್ದು ಕುರ್ಚಿಯ ಮೇಲೆ ಕುಳಿತು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ, ಮುಂದಕ್ಕೆ ಬಾಗದಂತೆ ಎದೆಯ ಸುತ್ತ ಹಳೇ ಸೀರೆಯಿಂದ ಬಿಗಿದು ಕಟ್ಟಿದ್ದೆವು. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು. ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಒಳಗೆ ಕಾಲಿಟ್ಟು, ಶೈಲಾಳ ಮುಖ ನೋಡಿ, "ಸಾರಿ" ಎಂದು ಹಿಂದೆ ಸರಿದಳು. ಆಮೇಲೆ ಒಂದು ವಾರ ಆಕೆ ಮೆಟ್ಟಿಲು ಹತ್ತಿಯೇ ಓಡಾಡಿದಳಂತೆ.

ಬಾಗಲಕೋಟೆಯ ಕಡೆ ಕುಳಿತು ಇದನ್ನು ಓದುವ ನಿಮಗೆ ಇದರಲ್ಲಿ ವಿಶೇಷವೇನಿಲ್ಲ. ಲಿಂಗಾಯತರಾದ ನಾವು ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸುತ್ತೇವೆ, ಕೂರಿಸಿಯೇ ಮಣ್ಣು ಮಾಡುತ್ತೇವೆ. ಭಾಂಡುಪಿನ ಈ ಬಿಲ್ಡಿಂಗಿನಲ್ಲಿ ಉಳಿದವರ ಹೆಣ ಲಿಫ್ಟಿನಲ್ಲಿ ಹಿಡಿಸುವುದಿಲ್ಲ, ಎಷ್ಟೇ ಮಹಡಿಯಿದ್ದರೂ ಮೆಟ್ಟಿಲಿನ ಮೇಲೇ ಹೊತ್ತು ಇಳಿಸಬೇಕು. ನಮ್ಮದು ಮಾತ್ರ ಸಲೀಸಾಗಿ ಇಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಪದ್ಧತಿಯೊಂದು ಮುಂಬೈಗೆ ಸರಿಹೊಂದಿದ್ದು ಅದೊಂದೇ ಸಲ.

ನಾನು ಬಂದದ್ದು ಇಲ್ಲಿಯ ಒಂದು ಕಾರಖಾನೆಗೆ, ಫಿಟರ್ ಆಗಿ. ಅದು ಮುಚ್ಚಿದ ಮೇಲೆ ಪರೇಲಿನಲ್ಲಿ ಲಿಫ್ಟ್ ರಿಪೇರಿ ಕೆಲಸ ಹಿಡಿದೆ. ಹಿಂದೆ ಗಿರಣಿಗಳಿದ್ದ ಜಾಗದಲ್ಲಿ ಈಗ ಗಾಜಿನ ಆಫೀಸುಗಳು. ಅಲ್ಲಿಯವರು ಲಿಫ್ಟ್ ನಿಂತರೆ ಸಹಿಸುತ್ತಾರೆ, ಸದ್ದು ಮಾಡಿದರೆ ಸಹಿಸುವುದಿಲ್ಲ. ಎಲ್ಲಿ ಕಿರುಗುಟ್ಟುತ್ತದೆ, ಎಲ್ಲಿ ತಿಕ್ಕುತ್ತದೆ ಎಂದು ಕಿವಿಗೊಟ್ಟು ಹುಡುಕಿ ಅದರ ಬಾಯಿ ಮುಚ್ಚಿಸುವುದೇ ನನ್ನ ಹೊಟ್ಟೆಪಾಡು.

ಮೊದಲು ನಾವಿದ್ದದ್ದು ಚಾಳಿನಲ್ಲಿ. ಒಂದೇ ಪಡಸಾಲೆ, ಸಾಲಾಗಿ ಹನ್ನೆರಡು ಖೋಲಿ. ಖೋಲಿ ಎಂದರೆ ಅಡಿಗೆ, ನಿದ್ದೆ, ಜಗಳ ಎಲ್ಲಕ್ಕೂ ಒಂದೇ ಕೋಣೆ. ಯಾರ ಮನೆಯಲ್ಲಿ ಸಾವಾದರೂ ಹನ್ನೆರಡೂ ಖೋಲಿಯ ಹೆಂಗಸರು ಬಂದು ಕೂಡುತ್ತಿದ್ದರು. ಮರಾಠಿಯಲ್ಲಿ ಅಳುವವರು, ಭೋಜಪುರಿಯಲ್ಲಿ ಅಳುವವರು, ನಮ್ಮವರು, ಯಾರಿಗೆ ಯಾರ ಮಾತೂ ಅರ್ಥವಾಗುತ್ತಿರಲಿಲ್ಲ, ಅಡ್ಡಿಯೂ ಆಗುತ್ತಿರಲಿಲ್ಲ. ಚಾಳು ಕೆಡವಿ ಬಿಲ್ಡಿಂಗ್ ಕಟ್ಟಿ ಆರನೆಯ ಮಹಡಿಯಲ್ಲಿ ಮನೆ ಕೊಟ್ಟಾಗ ನಾನು ಊರಿಗೆಲ್ಲ ಫೋನು ಹಚ್ಚಿ ಜಂಬ ಕೊಚ್ಚಿಕೊಂಡೆ. "ಇಲ್ಲಿ ಬಾಗಲಾ ಹಾಕಿದ್ರ ಮುಗೀತು, ಬಾಜೂಕಿನ ಮನೀ ಸಪ್ಪಳ ಸೈತ ಕೇಳಂಗಿಲ್ಲ" ಎಂದು ಹೇಳಿದ್ದು ಈ ಬಾಯಿಯೇ.

ಶೈಲಾ ಎಂಟು ತಿಂಗಳು ಹಾಸಿಗೆ ಹಿಡಿದು ಸತ್ತಳು. ಕೊನೆಯ ದಿನಗಳಲ್ಲಿ ನೋಡಿಕೊಳ್ಳಲು ಊರಿನಿಂದ ಅವ್ವ ಬಂದಿದ್ದಳು. ನಮ್ಮವ್ವ ಹಾಡ್ಯಾಡಿ ಅಳುವುದರಲ್ಲಿ ಸುತ್ತ ಹತ್ತು ಊರಿಗೆ ಹೆಸರಾದವಳು. ಸಾವಿನ ಮನೆಯವರು ಗಾಡಿ ಕಳಿಸಿ ಕರೆಸುತ್ತಿದ್ದರು. ಆ ಅಳುವಿನಲ್ಲಿ ದೇವರಿಲ್ಲ, ಸಮಾಧಾನವಿಲ್ಲ. ಸತ್ತವರನ್ನು ಬೈಯುವುದು, ಅವರು ಬಿಟ್ಟುಹೋದ ಸಾಮಾನನ್ನು ಒಂದೊಂದಾಗಿ ಎಣಿಸಿ ಮುಖಕ್ಕೆ ಒಗೆಯುವುದು, ಅಷ್ಟೇ.

ಹೆಣ ಕೂರಿಸಿದ ಕೂಡಲೇ ಅವ್ವ ಶುರುಮಾಡಿದಳು.

"ಎಣ್ಣೀ ಬಾಟ್ಲಿ ಅರ್ಧಾ ಉಳದೈತಿ ಶೈಲಾ, ಯಾರ ತಲೀಗೆ ಹಚ್ಚಲೇ... ಮೋಸಗಾರ್ತಿ, ಮುದುಕೀನ ಮುಂದ ಬಿಟ್ಟು ಹೊಂಟೀ... ಹೊಸಾ ಚಪ್ಲಿ ಡಬ್ಬ್ಯಾಗ ಐತಿ, ಯಾರ ಕಾಲಿಗೆ ಹಾಕಲೇ..."

ಹತ್ತು ನಿಮಿಷ ಆಗಿರಬಹುದು. ಬಾಗಿಲಲ್ಲಿ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ನಿಂತಿದ್ದರು. ಕೆಟ್ಟ ಮನುಷ್ಯನಲ್ಲ, ಹೂಮಾಲೆಯನ್ನೂ ತಂದಿದ್ದರು. ಕೈಮುಗಿದು ಮೆಲ್ಲಗೆ, "ಜರಾ ಆವಾಜ್ ಕಮೀ ಕರಾ, ವರ್ತಿ ಪೋರಾಂಚೀ ಪರೀಕ್ಷಾ ಆಹೆ" ಎಂದರು. ಸ್ವಲ್ಪ ದನಿ ತಗ್ಗಿಸಿ, ಮೇಲೆ ಹುಡುಗರ ಪರೀಕ್ಷೆ ನಡೆದಿದೆ ಎಂದು.

ನನಗೆ ನಾಚಿಕೆಯಾಯಿತು. ಹೌದು, ಹೆಂಡತಿಯ ಹೆಣದ ಮುಂದೆ ನನಗಾದದ್ದು ದುಃಖವಲ್ಲ, ನಾಚಿಕೆ. ಹೋಗಿ ಅವ್ವನ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದೆ. "ಅವ್ವಾ, ಸಾಕ್ಮಾಡು. ಇದು ಊರಲ್ಲ" ಎಂದೆ. ನನ್ನ ಅಂಗೈಯ ಕೆಳಗೆ ಅವಳ ತುಟಿಗಳು ಇನ್ನೊಂದೆರಡು ಮಾತು ಆಡಿ ನಿಂತವು.

ಆಗ ಕಂಡದ್ದು ನನ್ನ ಮಗಳು ಸ್ನೇಹಾ. ಹತ್ತೊಂಬತ್ತರ ಹುಡುಗಿ, ಘಾಟ್ಕೋಪರಿನಲ್ಲಿ ಕಾಲೇಜು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ತಾಯಿಯ ಪಕ್ಕ ಗೋಡೆಗೊರಗಿ ಕುಳಿತವಳ ಒಂದು ಕಿವಿಯಲ್ಲಿ ಇಯರ್‌ಫೋನು. ಅದರ ತಾಳಕ್ಕೆ ಕಾಲ ಹೆಬ್ಬೆರಳು ಕುಣಿಯುತ್ತಿತ್ತು. ನಾನು ವಯರು ಹಿಡಿದು ಜಗ್ಗಿದೆ. ಅದರ ಇನ್ನೊಂದು ತುದಿ ಶೈಲಾಳ ಸೆರಗಿನೊಳಗಿಂದ, ಅವಳ ಕಿವಿಯಿಂದ ಕಿತ್ತು ಬಂತು. "ಹೆಣಕ್ಕ ಹಾಡ ಕೇಳಸಾಕತ್ಯಾಳಲ್ಲೋ ಯವ್ವಾ!" ಎಂದು ನಮ್ಮವರಲ್ಲೇ ಯಾರೋ ಉದ್ಗಾರ ತೆಗೆದರು. ನಾನು ಸ್ನೇಹಾಳ ಕೆನ್ನೆಗೆ ಎಲ್ಲರೆದುರು ಹೊಡೆದೆ. ಅವಳು ಆಗಲೂ ಅಳಲಿಲ್ಲ.

ಮೂರನೆಯ ದಿನ ಅವ್ವ ಗಂಟು ಕಟ್ಟಿದಳು. ದಾದರ್ ಸ್ಟೇಷನ್ನಿನಲ್ಲಿ ಗಾಡಿ ಹೊರಡುವ ಮುಂಚೆ ಕಿಟಕಿಯೊಳಗಿಂದ, "ನಿನ್ನ ಹೇಂತಿ ಅರ್ಧಾ ಅಳು ತೊಗೊಂಡು ಹ್ವಾದ್ಲು ನೋಡಪಾ" ಎಂದಳು. ಮತ್ತೆ ನನ್ನ ಕಡೆ ನೋಡಲಿಲ್ಲ.

ಆಮೇಲೆ ಮನೆಯಲ್ಲಿ ಇಬ್ಬರೇ. ಸ್ನೇಹಾ ಮಾತು ಬಿಡಲಿಲ್ಲ, ಬಿಟ್ಟಿದ್ದರೆ ಲೇಸಿತ್ತು. ಸಿಲಿಂಡರ್ ಬಂತು, ಚಾವಿ ಕೊಡಿ, ದಾಲ್ ಫ್ರಿಜ್ಜಿನಲ್ಲಿದೆ. ಲಾಡ್ಜಿನ ಮ್ಯಾನೇಜರು ಗಿರಾಕಿಯೊಡನೆ ಆಡುವಷ್ಟು ಆಡುತ್ತಿದ್ದಳು. ನಾನು ಜೋಳದ ರೊಟ್ಟಿ ಬಡಿಯಲು ಕಲಿತೆ, ಹರಿದ ರೊಟ್ಟಿಯನ್ನು ನಾನು ತಿಂದು ನೆಟ್ಟಗಿದ್ದುದನ್ನು ಅವಳಿಗಿಟ್ಟೆ. ತಿಂದಳು, ತಾಟು ತೊಳೆದಿಟ್ಟಳು.

ಒಂದು ಭಾನುವಾರ ಅವಳು ಸ್ನಾನಕ್ಕೆ ಹೋದಾಗ ಮೇಜಿನ ಮೇಲೆ ಫೋನಿನಲ್ಲಿ ಹಾಡು ನಡೆದೇ ಇತ್ತು. ಇಯರ್‌ಫೋನು ಕಿವಿಗಿಟ್ಟುಕೊಂಡೆ. ಇಂಗ್ಲಿಷ್ ರಾಕ್ ಹಾಡು. ಮೊದಲಿಗೆ ಒಬ್ಬ ಗಂಡಸು ಎದುರಿಗೆ ಕುಳಿತವನೊಡನೆ ಎಂಬಂತೆ ಮೆಲ್ಲಗೆ ಮಾತಾಡುತ್ತಿದ್ದ. ಆಮೇಲೆ ಗಿಟಾರು ಕೆಟ್ಟ ಬ್ರೇಕಿನಂತೆ ಕಿರುಚಿಕೊಂಡು ಏರಿತು, ಅವನು ಚೀರತೊಡಗಿದ. ಒಂದೇ ಸಾಲು, ಮತ್ತೆ ಅದೇ ಸಾಲು, ದನಿ ಒಡೆದುಹೋದರೂ ಅದೇ ಸಾಲು. ಕೈ ಅಭ್ಯಾಸಬಲದಿಂದ ಸದ್ದು ತಗ್ಗಿಸಲು ಹೋಯಿತು. ತಗ್ಗಿಸಲಿಲ್ಲ.

ಸ್ನೇಹಾ ಬಂದು ನೋಡಿದಳು. ಸಿಟ್ಟಾಗಲಿಲ್ಲ.

"ಏನಂತಾನ ಇವ?" ಎಂದೆ.

"ಉಸ್ಕಾ ಭಾಯಿ ಸತ್ತಾನ" ಎಂದಳು. ಅವಳ ಕನ್ನಡ ಹಾಗೇ, ಎರಡು ಹೆಜ್ಜೆಗೊಮ್ಮೆ ಹಿಂದಿಯ ಕೋಲು ಬೇಕು. "ಇವ ಬೈತಾನ. ನಿನ್ನ ಜಾಕೆಟ್ ಇಲ್ಲೇ ಅದ, ನಿನ್ನ ಗಾಡಿ ಇಲ್ಲೇ ಅದ, ನೀ ಝೂಠಾ, ನಂಗ ಬಿಟ್ಟು ಹೋದಿ ಅಂತ. ಬಸ್, ಇಷ್ಟೇ."

ನನಗೆ ಎಣ್ಣೆಯ ಬಾಟ್ಲಿ ಕಣ್ಣಿಗೆ ಕಟ್ಟಿತು. ಡಬ್ಬಿಯಲ್ಲಿನ ಹೊಸ ಚಪ್ಪಲಿ ಕೂಡ. ನನಗೆ ಗೊತ್ತಿದ್ದ ದುಃಖದ ಸಿನಿಮಾ ಹಾಡುಗಳೆಲ್ಲ ಕೊನೆಗೆ ಬೆನ್ನು ಸವರುತ್ತವೆ. ಭಜನೆಯಂತೂ ದೇಹ ಸುಳ್ಳು, ನಡೆ ಮುಂದೆ ಅನ್ನುತ್ತದೆ. ಈ ಬಿಳಿಯ ಮನುಷ್ಯ ನಮ್ಮವ್ವನ ಹಾಗೆ ಸತ್ತವನ ಕೊರಳಪಟ್ಟಿ ಹಿಡಿದು ಜಗಳಕ್ಕೆ ನಿಂತಿದ್ದ. ದುಃಖವೆಂದರೆ ಅರ್ಧಕ್ಕರ್ಧ ಸಿಟ್ಟು ಎಂಬುದು ಇಬ್ಬರಿಗೂ ತಿಳಿದಿತ್ತು.

"ಇದು ನಿಮ್ಮ ಅಜ್ಜಿ ಅತ್ತಂಗ ಐತಲ್ಲ" ಎಂದೆ, ದೊಡ್ಡ ಶೋಧ ಮಾಡಿದವನಂತೆ.

"ಮಮ್ಮಿ ಭೀ ಹಂಗೇ ಅಂದಿದ್ಳು" ಎಂದಳು. "ದಿನಾ ಕೇಳ್ತಿದ್ವಿ, ನಂಗ ಒಂದು ಕಿವಿ, ಮಮ್ಮಿಗ ಒಂದು. ಇವ ಮಸ್ತ್ ಅಳತಾನ, ನಾ ಹೋದ ದಿನ ಇದನ್ನ ಹಚ್ಚು ಅಂದಿದ್ಳು. ಅದಕ್ಕ ಹಚ್ಚಿದ್ದೆ. ಹಾಡು ಅರ್ಧಾನೇ ಆಗಿತ್ತು, ನೀ ವಯರ್ ಖೀಂಚ್ ಮಾಡಿದಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಹೊತ್ತು ನನ್ನ ಹೆಂಡತಿಯ ಎಡಕ್ಕೊಬ್ಬಳು, ಬಲಕ್ಕೊಬ್ಬಳು ಕುಳಿತು ಅಳುತ್ತಿದ್ದರು. ಎರಡೂ ಅಳುವನ್ನು ಒಂದೇ ನಿಮಿಷದಲ್ಲಿ ನಿಲ್ಲಿಸಿದವನು ನಾನು. ಎಂಟು ತಿಂಗಳು ಅದೇ ಮನೆಯಲ್ಲಿದ್ದರೂ ಶೈಲಾ ಆ ಮಾತನ್ನು ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಏನನ್ನುತ್ತಿದ್ದೆ ಎಂದು ಅವಳಿಗೆ ಗೊತ್ತಿದ್ದಿರಬೇಕು.

ಮರುದಿನವೇ ಊರಿಗೆ ಫೋನು ಹಚ್ಚಿದೆ. ವರ್ಷದ ಕಾರ್ಯಕ್ಕೆ ಬಾ, ಬಾಗಿಲು ತೆರೆದಿಡುತ್ತೇನೆ, ಮನಸ್ಸು ತುಂಬ ಅಳು, ಯಾರು ಬರುತ್ತಾರೋ ನೋಡುತ್ತೇನೆ ಎಂದೆ. ಅವ್ವ ನನ್ನ ಮಾತು ತಡೆದಳು.

"ಹೆಣಾ ಇಲ್ಲದ ಹಾಡ್ಯಾಡಿ ಅಳಬಾರದಪಾ. ಹಂಗ ಅತ್ರ ಮನ್ಯಾಗ ಮತ್ತೊಂದು ಹೆಣಾ ಬೀಳತೈತಿ. ಯಾರದ ಬೇಕಾಗೈತಿ ನಿನಗ?"

ಅವ್ವ ಬರಲಿಲ್ಲ. ವರ್ಷದ ಕಾರ್ಯ ಸದ್ದಿಲ್ಲದೆ ಮುಗಿಯಿತು. ಸೆಕ್ರೆಟರಿ ಎರಡು ಹೋಳಿಗೆ ತಿಂದು ಹೋದರು. ಅಂದು ಸಂಜೆ ನಾನು ಸ್ನೇಹಾಳ ಮುಂದೆ ಹೊಸ ಇಯರ್‌ಫೋನಿನ ಡಬ್ಬಿ ಇಟ್ಟೆ. "ಥ್ಯಾಂಕ್ಸ್" ಎಂದಳು. ನನ್ನ ಆಸೆ ಅಷ್ಟಕ್ಕೇ ನಿಲ್ಲಲಿಲ್ಲ. ನಗುನಗುತ್ತಾ, ಅವಳಿಂದ ಒಂದು ಮಾತು ಕೀಳಬೇಕೆಂದೇ, "ನಾ ಸತ್ತಾಗ ಆ ಹಾಡು ದೊಡ್ಡ ಸ್ಪೀಕರಿಗೆ ಹಚ್ಚವಾ. ಸೆಕ್ರೆಟರಿ ಬಂದ್ರ ಬರಲಿ" ಎಂದೆ.

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ದನಿಯಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ.

"ಟೆನ್ಷನ್ ಮತ್ ಲೋ ಪಪ್ಪಾ. ನೀ ಸತ್ರ ಆವಾಜ್ ಬರಂಗಿಲ್ಲ. ನಾ ಚುಪ್ ಕೂಡ್ತೀನಿ. ನಿಂಗ ಹಂಗೇ ಬೇಕಲ್ಲ."

ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಊರಿಗೆ ಬಂದುಬಿಡು ಎಂದು ನಿಮ್ಮಲ್ಲಿ ಕೆಲವರು ಬರೆಯುತ್ತೀರಿ. ಅಲ್ಲಿ ಅಳಲು ಬಲ್ಲವಳೊಬ್ಬಳಿದ್ದಾಳೆ, ಅವಳ ಬಾಯಿಯನ್ನು ನಾನೇ ಮುಚ್ಚಿದ್ದೇನೆ. ಅಳಬೇಕಾದವಳು ಇಲ್ಲಿದ್ದಾಳೆ, ಅವಳ ಹಾಡನ್ನು ನಾನೇ ಕಿತ್ತಿದ್ದೇನೆ. ಎಲ್ಲಿ ಸತ್ತರೂ ನನ್ನನ್ನು ಕೂರಿಸುತ್ತಾರೆ, ಅದಕ್ಕೇನೂ ಕೊರತೆಯಿಲ್ಲ. ಮೊನ್ನೆ ನಮ್ಮ ಬಿಲ್ಡಿಂಗಿನ ಲಿಫ್ಟು ನಾಲ್ಕನೆಯ ಮಹಡಿಯ ಹತ್ತಿರ ಕಿರುಗುಟ್ಟುತ್ತದೆ ಎಂದು ಸೆಕ್ರೆಟರಿ ದೂರಿದರು. ಒಂದು ತಾಸು ಕೂತು ಎಣ್ಣೆ ಹಾಕಿ ಸರಿಮಾಡಿಕೊಟ್ಟೆ. ಈಗ ಅದು ಏರಿದ್ದೂ ಇಳಿದದ್ದೂ ಯಾರಿಗೂ ಕೇಳುವುದಿಲ್ಲ.