ಗಡಿಪಾರಾದವನ ಎರಡು ಮನೆ

ನಮ್ಮ ಮನೆಯವರು ಹರಪನಹಳ್ಳಿಯಲ್ಲಿ ನೀರು ಕುಡಿಯುವುದಿಲ್ಲ. ಮದುವೆಗೆ ಹೋಗಲಿ, ಸಾವಿಗೆ ಹೋಗಲಿ, ನೀರು ಮನೆಯಿಂದಲೇ ಒಯ್ಯಬೇಕು. ಹಂಪಿಯ ಅರಸರ ಕಾಲದಲ್ಲಿ ಹರಪನಹಳ್ಳಿ ಕೋಟೆಯ ದೊರೆ ತನ್ನ ಒಡಹುಟ್ಟಿದ ತಮ್ಮನನ್ನು ಉಟ್ಟ ಬಟ್ಟೆಯಲ್ಲೇ ಊರು ಬಿಡಿಸಿದನಂತೆ. ಆ ತಮ್ಮ ಕೋಟೆಯ ಬಾಗಿಲಲ್ಲಿ ನಿಂತು, ನಾನಾಗಲಿ ನನ್ನ ಕುಲದವರಾಗಲಿ ಇಲ್ಲಿಯ ನೀರು ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಹೊರಟವನು ಕಡೆಗೆ ನಮ್ಮ ತಂಬ್ರಹಳ್ಳಿಗೆ ಬಂದು ನೆಲೆ ನಿಂತನಂತೆ. ನಾವೆಲ್ಲ ಅವನ ಸಂತಾನ. ಅವನನ್ನು ಯಾಕೆ ಓಡಿಸಿದರು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ದೊಡ್ಡಪ್ಪ ಹೈಸ್ಕೂಲು ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಅದನ್ನು ಪತ್ತೆ ಹಚ್ಚುವ ಹಟ ಹಿಡಿದ. ಮನೆಯ ಮುಂದೆ ವಂಶದ ಹೆಸರು ಕೆತ್ತಿದ ಕಲ್ಲು ನಿಲ್ಲಿಸಬೇಕೆಂಬುದು ಅವನ ಆಸೆ. ಅವನ ಮಕ್ಕಳು ನಮ್ಮಿಂದ ಆಗದು ಎಂದರು. ಮದುವೆಯಿಲ್ಲದೆ ಉಳಿದ, ಅವನ ತಮ್ಮನ ಮಗಳಾದ ನಾನು ಕೈಗೆ ಸಿಕ್ಕೆ. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ವಾರವಿಡೀ ರಕ್ತ ಪರೀಕ್ಷೆ ಮಾಡುವ ನನಗೆ ಇದ್ದದ್ದೇ ಒಂದು ಭಾನುವಾರ. ಅದೂ ಬಸ್ಸುಗಳಲ್ಲಿ ಕಳೆದುಹೋಯಿತು. ಕೂಡ್ಲಿಗಿಯ ಹೊಲವೊಂದರಲ್ಲಿ ಯಾರೋ ವೀರಗಲ್ಲು ತೋರಿಸಿದರು, ಅಕ್ಷರಗಳೆಲ್ಲ ಸವೆದಿದ್ದವು. ಕೊಟ್ಟೂರಿನಲ್ಲಿ ಕೇಳಿದರೆ, ಕೂಡ್ಲಿಗಿಯವರಿಗೇ ಗೊತ್ತಿರಬೇಕು ಎಂದರು. ಮನೆಗೆ ಬರುವಷ್ಟರಲ್ಲಿ ನನ್ನ ಕಾಲುಗಳು ಬಾತಿರುತ್ತಿದ್ದವು. ಬಿಸಿನೀರಿನಲ್ಲಿ ಪಾದ ಇಳಿಬಿಟ್ಟು ಕೂತು, ಇನ್ನು ಸಾಕು ಎಂದುಕೊಳ್ಳುತ್ತಿದ್ದೆ. ಶನಿವಾರ ಸಂಜೆ ಅವನ ಫೋನು ಬಂದರೆ ಇಲ್ಲ ಎನ್ನುವುದಕ್ಕೂ ತ್ರಾಣ ಬೇಕಲ್ಲ, ಹೂಂ ಅಂದುಬಿಡುತ್ತಿದ್ದೆ.

ಹಿರೇಹಡಗಲಿಯ ಹತ್ತಿರ ಹೆಳವರು ಬೀಡು ಬಿಟ್ಟಿದ್ದಾರೆಂದು ತಿಳಿದು ಒಮ್ಮೆ ಅಲ್ಲಿಗೂ ಹೋದೆವು. ಮನೆತನಗಳ ಪೀಳಿಗೆಯನ್ನು ಬಾಯಲ್ಲಿಟ್ಟುಕೊಂಡು ಊರೂರು ತಿರುಗುವವರು ಅವರು. ಅವರಲ್ಲಿ ಹಿರಿಯನಾದವನು ನಮ್ಮ ಮುತ್ತಜ್ಜಂದಿರ ಹೆಸರುಗಳನ್ನು ರಾಗವಾಗಿ ಹೇಳುತ್ತ ಹೋದ, ಒಂದೆಡೆ ತಡವರಿಸಿದ, ಮತ್ತೆ ಹಿಂದಿನಿಂದ ಶುರು ಮಾಡಿದ. ಕೊನೆಗೆ ಅಂದ:

"ಕೋಟಿ ಬಿಟ್ಟ ಮ್ಯಾಲೆ ನಿಮ್ಮ ಹಿರ್‍ಯಾ ಮೊದಲು ಹೊಳಿ ದಂಡಿಗೆ ಹೋಗ್ಯಾನ್ರಿ, ಹಲವಾಗಲಿಗೆ. ಅಲ್ಲೊಂದು ಮನಿ ಮಾಡ್ಯಾನ. ಆಮ್ಯಾಲೆ ನಿಮ್ಮೂರಿಗೆ ಬಂದಾನ."

"ಆ ಮನಿಯವರು ಈಗ ಅದಾರೇನು?" ದೊಡ್ಡಪ್ಪ ಕೇಳಿದ.

"ಅವರದು ನಾವು ಹೇಳಂಗಿಲ್ರಿ. ಅದನ್ನ ಹೇಳೋರು ಬ್ಯಾರೆ."

ಮುಂದಿನ ಭಾನುವಾರ ಹಲವಾಗಲಿಗೆ ಹೋದೆವು. ಬಸ್ಸಿಳಿದಲ್ಲೇ ಇದ್ದ ಚಹಾದಂಗಡಿಯವನನ್ನು, ಹರಪನಹಳ್ಳಿಯ ನೀರು ಕುಡಿಯದ ಮನೆತನ ಇಲ್ಲಿ ಯಾವುದಾದರೂ ಇದೆಯೇ ಎಂದು ಕೇಳಿದೆ. ಅವನು ದೊಡ್ಡಪ್ಪನನ್ನೊಮ್ಮೆ ನೋಡಿ, "ಒಂದ್ ಮನಿ ಐತ್ರಿ. ಕೇರಿಯಾಗ," ಎಂದ. ದಲಿತರ ಕೇರಿ ಎಂದು ತಿಳಿದು ದೊಡ್ಡಪ್ಪನ ನಡಿಗೆ ನಿಧಾನವಾಯಿತು. ಆದರೂ ಬಂದ.

ಮನೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ನನ್ನ ವಾರಗೆಯ ಹೆಂಗಸೊಬ್ಬಳು ಕುರ್ಚಿ ಹಾಕಿದಳು. ಹರಪನಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳಂತೆ. ನಾವು ಬಂದ ಕಾರಣ ಕೇಳಿ ನಕ್ಕಳು. "ನಾನೂ ದಿನಾ ಬಾಟಲಿ ಒಯ್ತೀನ್ರಿ. ಜೊತಿಗಿರೋರು ನಗ್ತಾರ." ಎರಡು ಲೋಟ ನೀರು ತಂದಿಟ್ಟಳು.

"ನಮಗ ಹರಪನಹಳ್ಳಿ ತಾಲೂಕಿನ ನೀರು ನಡಿಯಂಗಿಲ್ರಿ," ಎಂದ ದೊಡ್ಡಪ್ಪ, ಲೋಟದ ಕಡೆ ನೋಡದೆ.

"ಆಣಿ ಇರೋದು ಆ ಊರಿನ ನೀರಿಗೆ. ಇದು ಹೊಳಿ ನೀರು," ಎಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. ಇಂಥದ್ದನ್ನು ಬಹಳ ಸಲ ಕೇಳಿ ದಣಿದವರ ದನಿ ಅದು. ನಾನು ಲೋಟ ತೆಗೆದುಕೊಂಡು ಕುಡಿದೆ. ದೊಡ್ಡಪ್ಪನ ಲೋಟ ಹಾಗೇ ಉಳಿಯಿತು.

ಒಳಕೋಣೆಯ ಮಂಚದಿಂದ ಆಕೆಯ ತಂದೆ ಗೋಡೆ ಹಿಡಿದುಕೊಂಡು ಬಂದು ನಮ್ಮೆದುರು ಕೂತರು. ತುಂಬ ವಯಸ್ಸಾಗಿತ್ತು. ಉಸಿರು ಎಳೆದುಕೊಳ್ಳುತ್ತ ಮಾತಾಡಿದರು.

"ದೊರಿ ತಮ್ಮ ನಮ್ಮ ಹೆಣ್ಣುಮಗಳನ್ನ ಲಗ್ನ ಆಗಿದ್ದನಂತ. ಆಕೀನ್ನ ಬಿಡು ಅಂದ್ರು, ಬಿಡಲಿಲ್ಲ. ಅದಕ್ಕ ಇಬ್ಬರನ್ನೂ ಹೊರಗ ಹಾಕಿದ್ರು. ಇಲ್ಲಿಗೆ ಬಂದ್ರು, ಗಂಡು ಕೂಸು ಆತು. ಆಮ್ಯಾಲೆ ಒಂದಿನ, ಮೂಡಲ ಸೀಮಿಗೆ ಹೋಗಿ ಹೊಲಾ ನೋಡಿ ಬರ್ತೀನಿ ಅಂತ ಹ್ವಾದಾತ ತಿರುಗಿ ಬರಲಿಲ್ಲ. ಅಲ್ಲಿ ಸ್ವಜಾತಿ ಹೆಣ್ಣು ಮಾಡಿಕೊಂಡ ಅಂತ ಸುದ್ದಿ ಬಂತಂತ." ಸುಧಾರಿಸಿಕೊಂಡು ಮತ್ತೆ ಅಂದರು, "ಆ ಕಡಿಯವರು ಯಾರಾದ್ರೂ ಬರ್ತಾರ ಅಂತ ನಮ್ಮಜ್ಜಿ ಸಾಯೋತನಕ ಹೇಳ್ತಿದ್ಲು. ನೀವಾದ್ರೂ ಬಂದ್ರಿ, ಚಲೋ ಆತು."

ದೊಡ್ಡಪ್ಪ ಬಸ್ಸಿನ ಹೊತ್ತಾಯಿತೆಂದು ಎದ್ದ. ಹೊತ್ತಾಗಿರಲಿಲ್ಲ. ನಿಲ್ದಾಣದ ಬಿಸಿಲಲ್ಲಿ ಬಹಳ ಹೊತ್ತು ಕಾಯ್ದೆವು. ಬಸ್ಸಿನಲ್ಲಿ ಕೂತ ಮೇಲೆ, "ಮನ್ಯಾಗ ಹೇಳಬ್ಯಾಡ," ಎಂದಷ್ಟೇ ಅಂದ. ವಾದಿಸಬೇಕಿತ್ತೇನೋ. ಕಣ್ಣು ಮುಚ್ಚಿ ಕಿಟಕಿಗೆ ತಲೆಯಾನಿಸಿದೆ. ಅವನು ಇಷ್ಟು ವರ್ಷ ಹುಡುಕಿದ್ದು ಕೈಗೆ ಸಿಕ್ಕಿತ್ತು. ಅದನ್ನು ಹಿಡಿದುಕೊಳ್ಳುವ ಶಕ್ತಿ ಅವನಲ್ಲಿರಲಿಲ್ಲ, ಹಿಡಿ ಎಂದು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ.

ಆಮೇಲೆ ಕಲ್ಲಿನ ಮಾತು ನಿಂತಿತು. ಭಾನುವಾರಗಳು ನನಗೆ ಮರಳಿ ಬಂದವು, ನಿದ್ದೆ ಮಾಡಿದೆ. ಹಲವಾಗಲಿನ ಆಕೆ ಆಗಾಗ ಫೋನು ಮಾಡಿ, "ಅಕ್ಕಾ, ಅರಾಮದೀರಿ?" ಎಂದು ಕೇಳುತ್ತಿದ್ದಳು. ಚಳಿ ಶುರುವಾದಾಗ ಅವಳ ತಂದೆ ತೀರಿಕೊಂಡರು. ರಜೆ ಹಾಕಿ ಹೋದೆ. ಮಣ್ಣಿಗೆ ಬಂದವರೆಲ್ಲ ಇವರು ಯಾರು ಎಂದು ಕೇಳಿದ್ದಕ್ಕೆ, "ನಮ್ಮ ಬಳಗದಾಕಿ," ಎಂದು ಹೇಳಿ ನನ್ನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

ಮರುದಿನ ತಂಬ್ರಹಳ್ಳಿಗೆ ಹೋದೆ. ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದ.

"ಹಲವಾಗಲಿನ ಅಜ್ಜ ಹೋದ," ಎಂದೆ.

"ಯಾವಾಗ?"

"ನಿನ್ನೆ ಮಣ್ಣಾತು."

ಅವನು ಮೊಣಕಾಲು ಹಿಡಿದುಕೊಂಡು ಎದ್ದು, ಸೊಸೆಯನ್ನು ಕರೆದು ಸ್ನಾನಕ್ಕೆ ನೀರು ತೋಡಲು ಹೇಳಿದ. "ಮುಂಜಾನಿ ಜಳಕ ಆಗೇತಲ್ರಿ ಮಾವಾ," ಎಂದಳು ಅವಳು. "ತೋಡವ್ವ. ತಲಿಗೆ ಹಾಕ್ಕೋಬೇಕು," ಎಂದ. ನಮ್ಮಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹಾಗೆ ತಲೆಗೆ ನೀರು ಹಾಕಿಕೊಳ್ಳುವುದು ರಕ್ತಸಂಬಂಧದವರು ಸತ್ತ ಸುದ್ದಿ ಬಂದಾಗ ಮಾತ್ರ.

ಯಾರು ಸತ್ತರೆಂದು ಸೊಸೆ ನನ್ನನ್ನು ಕೇಳಿದಳು. ಅವನನ್ನೇ ಕೇಳು ಎಂದೆ.