ಕಪ್ಪು ಕಂಡಲ್ಲಿ ಆಳ

ಬಹ್ರೇನಿನಲ್ಲಿ ನೆಲದಡಿಯಿಂದ ಸಿಹಿನೀರು ಉಕ್ಕುವ ಗುಂಡಿಗಳಿದ್ದವು. ಸುಣ್ಣಕಲ್ಲಿನ ನಡುವೆ ತಾನಾಗಿಯೇ ಆದ ಗುಂಡಿಗಳು. ಈಗ ಹೆಚ್ಚಿನವು ಒಣಗಿವೆ. ಒಂದರಲ್ಲಿ ಇನ್ನೂ ನೀರಿದೆ, ಈಜಬಹುದು ಎಂದು ನಮ್ಮ ಗ್ಯಾರೇಜಿನ ಪಾಕಿಸ್ತಾನಿ ಎಲೆಕ್ಟ್ರಿಷಿಯನ್ ಹೇಳಿದ. ಈದ್ ರಜೆ. ಟುಬ್ಲಿಯ ನಮ್ಮ ರೂಮಿನ ಎ.ಸಿ. ಕೆಟ್ಟು ಎರಡು ದಿನವಾಗಿತ್ತು. ಹೋಗೋಣ ಎಂದವನು ನಾನೇ.

ಭಾವನಿಗೆ ಮನಸ್ಸಿರಲಿಲ್ಲ. ಅವರು ನನ್ನ ಅಕ್ಕನ ಗಂಡ. ಅದೇ ಗ್ಯಾರೇಜಿನಲ್ಲಿ ಹನ್ನೊಂದು ವರ್ಷದಿಂದ ಪೇಂಟರ್. ನನಗೆ ವೀಸಾ ಮಾಡಿಸಿ ಕರೆಸಿಕೊಂಡವರು ಅವರೇ. ನನ್ನದು ಡೆಂಟಿಂಗ್. ಗುದ್ದಿ ಬಂದ ಕಾರಿನ ಬಾಡಿಯನ್ನು ನಾನು ನೇರ ಮಾಡಬೇಕು, ಅದರ ಮೇಲೆ ಅವರು ಬಣ್ಣ ಹೊಡೆಯಬೇಕು. ರಜೆಯಲ್ಲಿ ಮಲಗುತ್ತೇನೆ ಎಂದರು. ನಾನು ಬಿಡಲಿಲ್ಲ. ಎಳೆದುಕೊಂಡು ಹೋಗಿ ಎಲೆಕ್ಟ್ರಿಷಿಯನ್‌ನ ಪಿಕಪ್ಪಿಗೆ ಹತ್ತಿಸಿದೆ.

ಹಳೆಯ ಖರ್ಜೂರದ ತೋಟ. ಅರ್ಧಕ್ಕರ್ಧ ಮರಗಳಿಗೆ ತಲೆ ಇಲ್ಲ. ನಡುವೆ ಗುಂಡಿ. ಸುತ್ತ ಬಿಳಿ ಕಲ್ಲು, ಬಿಸಿಲಿಗೆ ಕಣ್ಣು ಬಿಡಲಾಗದಷ್ಟು ಬಿಳಿ. ನೀರು ತಿಳಿಯಾಗಿತ್ತು. ಅಡಿಯೂ ಬಿಳಿಯಾಗಿಯೇ ಕಾಣುತ್ತಿತ್ತು. ಒಂದು ಬದಿಯಲ್ಲಿ ಮಾತ್ರ ದೊಡ್ಡದಾಗಿ ಕಪ್ಪು.

ಊರಿನಲ್ಲಿ ನಾನು ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಹೊತ್ತವನು. ಏಳನೇ ಕ್ಲಾಸು ಬಿಟ್ಟ ಮೇಲೆ ಅದೇ ಕೆಲಸ. ಕಲ್ಲು ತೆಗೆದು ಬಿಟ್ಟ ಹೊಂಡದಲ್ಲಿ ಮಳೆನೀರು ನಿಲ್ಲುತ್ತದೆ. ಈಜು ಕಲಿತದ್ದು ಅದರಲ್ಲಿ. ನೀರಿನಡಿ ಕೆಂಪು ಕಂಡರೆ ಕಲ್ಲು ಹತ್ತಿರ ಇದೆ, ಹಾರಬಾರದು. ಕಪ್ಪು ಕಂಡಲ್ಲಿ ಆಳ. ಕೋರೆಯವರೆಲ್ಲ ಹಾಗೆ ನೋಡಿಯೇ ಹಾರುವುದು. ನನಗೆ ಒಮ್ಮೆಯೂ ತಪ್ಪಿರಲಿಲ್ಲ.

ಮೊದಲು ಇಳಿದು ನೋಡಿ ಎಂದು ಎಲೆಕ್ಟ್ರಿಷಿಯನ್ ಹಿಂದಿಯಲ್ಲಿ ಹೇಳಿದ. ನನಗೆ ನಗು ಬಂತು. ಇವನು ಯಾವ ನೀರು ಕಂಡಿದ್ದಾನೆ ಎಂದುಕೊಂಡೆ.

ಭಾವ ಅಂಗಿ ತೆಗೆದು ಕಲ್ಲಿನ ಮೇಲೆ ನಿಂತರು. "ಎಲ್ಲಿ ಹಾರುದು ಮಾರಾಯ?"

"ಕಪ್ಪು ಕಾಣ್ತದಲ್ಲ, ಅಲ್ಲಿ. ತಲೆ ಕೆಳಗೆ ಮಾಡಿ ಹಾರಿ."

ಅವರು ಹಿಂಜರಿದರು. ನಾನು ಸುಮ್ಮನಿರಬೇಕಿತ್ತು. "ಪೇಂಟ್ ಹೊಡ್ದು ಹೊಡ್ದು ಈಜು ಮರ್ತೋಯ್ತಾ ಭಾವ? ಹಾಗಾದ್ರೆ ಕಾಲು ಅದ್ದಿ ಕೂತ್ಕೊಳ್ಳಿ, ಅಜ್ಜಂದಿರ ಹಾಗೆ."

ಅವರು ಹಾರಿದರು.

ನೀರಿನ ಸದ್ದಿನ ಒಳಗೆ ಇನ್ನೊಂದು ಸದ್ದು ಕೇಳಿತು. ಮೇಲೆ ಬಂದದ್ದು ಅವರ ಬೆನ್ನು. ನಾನು ನೀರಿಗೆ ಇಳಿದೆ. ಅಲ್ಲಿ ನೀರು ನನ್ನ ತೊಡೆಗೆ ಬಂತು, ಅಷ್ಟೇ. ಕಪ್ಪು ಕಂಡದ್ದು ಪಾಚಿ. ನೀರಿನೊಳಗಿನ ಒಂದು ಕಲ್ಲಿನ ಮೆಟ್ಟಿಲಿನ ಮೇಲೆ ದಪ್ಪಗೆ ಕೂತಿತ್ತು. ಆಳ ಇದ್ದದ್ದು ಬಿಳಿ ಕಂಡ ಕಡೆ.

ನಾನು ಕಂಕುಳಿಗೆ ಕೈ ಹಾಕಿ ಎತ್ತಿದೆ, ಎಲೆಕ್ಟ್ರಿಷಿಯನ್ ಕಾಲು ಹಿಡಿದ. ಕುತ್ತಿಗೆ ಹಿಂದಕ್ಕೆ ನೇತಾಡುತ್ತಿತ್ತು. ಹಾಗೆ ಎತ್ತಬಾರದು ಎಂದು ಆಮೇಲೆ ಗೊತ್ತಾಯಿತು. ಪಿಕಪ್ಪಿನ ಹಿಂದೆ ಮಲಗಿಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಸ್ಪತ್ರೆಗೆ ತಂದೆ. ದಾರಿಯಲ್ಲಿ ಭಾವ ಎರಡು ಸಲ ಕೇಳಿದರು, "ನನ್ನ ಕೈ ಎಲ್ಲಿದೆ?" ಎಂದು.

ಆಸ್ಪತ್ರೆಯಲ್ಲಿ ಒಬ್ಬಳು ನರ್ಸ್ ನಮ್ಮ ಕಡೆಯವಳು. ಹೇಗಾಯ್ತು ಎಂದು ಕನ್ನಡದಲ್ಲೇ ಕೇಳಿದಳು. ಪಾಚಿಯಲ್ಲಿ ಕಾಲು ಜಾರಿ ಬಿದ್ದರು ಎಂದೆ. ಅವಳು ಬರೆದುಕೊಂಡಳು. ಭಾವ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ನನ್ನನ್ನು ನೋಡಿದರು.

ಕುತ್ತಿಗೆಯ ಮೂಳೆ ಮುರಿದಿತ್ತು. ಮಾತು ಉಳಿಯಿತು. ಕೈಕಾಲು ಹೋಯಿತು. ಇನ್ನು ಬರುವ ಆಸೆ ಇಟ್ಟುಕೊಳ್ಳಬೇಡ ಎಂದು ಡಾಕ್ಟರು ನೇರವಾಗಿ ಹೇಳಿದರು.

ಊರಿಗೆ ಫೋನ್ ಮಾಡಿ ಅಕ್ಕನಿಗೂ ಜಾರಿದ ಕತೆಯನ್ನೇ ಹೇಳಿದೆ. ಅವಳು ಅತ್ತಳು. ಅತ್ತು ಮುಗಿದ ಮೇಲೆ ಒಂದೇ ಮಾತು ಕೇಳಿದಳು, ಕುಡಿದಿದ್ದರಾ ಎಂದು. ಭಾವ ಹಿಂದೆ ಕುಡಿಯುತ್ತಿದ್ದರು. ಮೂರು ವರ್ಷದ ಹಿಂದೆ ಲೀವಿನಲ್ಲಿ ಊರಿಗೆ ಹೋದಾಗ, ಇನ್ನು ಮುಟ್ಟುವುದಿಲ್ಲ ಎಂದು ಮನೆಯ ದೈವದ ಮುಂದೆ ಅಕ್ಕ ಅವರಿಂದ ಮಾತು ತೆಗೆದುಕೊಂಡಿದ್ದಳು. ಆಮೇಲೆ ಅವರು ಮುಟ್ಟಲಿಲ್ಲ. ಒಂದೇ ರೂಮಿನಲ್ಲಿ ಇರುವವನು ನಾನು, ನನಗೆ ಗೊತ್ತಿಲ್ಲವಾ? ಆದರೂ ಅಕ್ಕನ ಹತ್ತಿರ, ನನಗೆ ಗೊತ್ತಿಲ್ಲ ಎಂದೆ. ಕುಡಿದಿರಲಿಲ್ಲ ಎಂದರೆ, ಕುಡಿಯದವನು ಹಗಲು ಹೊತ್ತಿನಲ್ಲಿ ಹೇಗೆ ಬಿದ್ದ ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು.

ಅಷ್ಟು ಸಾಕಾಯಿತು. ರಜೆಯಲ್ಲಿ ಕುಡಿದು ನೀರಿಗೆ ಬಿದ್ದ ಎಂದು ಊರಿಡೀ ಸುದ್ದಿಯಾಯಿತು. ಮಾತು ತಪ್ಪಿದ್ದಕ್ಕೆ ದೈವ ಕೊಟ್ಟ ಏಟು ಎಂದು ಅಕ್ಕ ನಂಬಿದಳು.

ನಾನು ದಿನಾ ಕೆಲಸ ಬಿಟ್ಟ ಕೂಡಲೇ ವಾರ್ಡಿಗೆ ಹೋಗುತ್ತಿದ್ದೆ. ಊಟ ಮಾಡಿಸುತ್ತಿದ್ದೆ, ಗಡ್ಡ ತೆಗೆಯುತ್ತಿದ್ದೆ. ಉಗುರಿನ ಸಂದಿಯಲ್ಲಿದ್ದ ಹಳೆಯ ಪೇಂಟನ್ನು ಥಿನ್ನರಿನಲ್ಲಿ ಉಜ್ಜಿ ತೆಗೆದೆ. ಅವರಿಗೆ ಅದು ಗೊತ್ತೂ ಆಗಲಿಲ್ಲ. ಅಕ್ಕನ ವಿಡಿಯೋ ಕಾಲ್ ಬಂದಾಗ ಅವರ ಮುಖದ ಮುಂದೆ ಫೋನ್ ಹಿಡಿದು ನಿಲ್ಲುತ್ತಿದ್ದೆ. ಒಂದು ದಿನ ಅಕ್ಕ, "ನಿಮ್ಮ ಹೆಸರಲ್ಲಿ ದೈವಕ್ಕೆ ತಪ್ಪುಕಾಣಿಕೆ ಹಾಕಿ ಬಂದೆ. ಇನ್ನಾದ್ರೂ ಮಾತು ತಪ್ಬೇಡಿ" ಎಂದಳು.

ಭಾವ, "ಆಯ್ತು" ಎಂದರು.

ಕಾಲ್ ಕಟ್ಟಾದ ಮೇಲೆ ನಾನು ಕೇಳಿದೆ, ಯಾಕೆ ಒಪ್ಪಿಕೊಂಡಿರಿ ಎಂದು. ನನ್ನ ಮೇಲಿನ ಪ್ರೀತಿಗೆ ಎಂದು ಹೇಳಿಯಾರು ಎಂದು ಎಲ್ಲೋ ಒಳಗೆ ಆಸೆ ಇತ್ತು.

"ನೀನು ಹಾರ್ಲಿಕ್ಕೆ ಹೇಳಿದ್ದು ಅಂತ ಗೊತ್ತಾದ್ರೆ ಅವಳು ನಿನ್ನನ್ನು ಮನೆ ಮೆಟ್ಲು ಹತ್ತಿಸ್ಲಿಕ್ಕಿಲ್ಲ" ಎಂದರು. "ಆಮೇಲೆ ಊರಲ್ಲಿ ನನ್ನನ್ನು ಎತ್ತುದು ಯಾರು? ಅವಳ ಕೈಯಲ್ಲಿ ಆಗ್ತದಾ? ನಾನು ಕುಡುಕ ಅಂತಲೇ ಇರ್ಲಿ." ಮತ್ತೆ, "ಮೂಗು ತುರಿಸ್ತದೆ, ಸ್ವಲ್ಪ ಕೆರಿ" ಎಂದರು.

ಕೆರೆದೆ.

ಆ ವಾರ ಗ್ಯಾರೇಜಿನಲ್ಲಿ ಬಣ್ಣಕ್ಕೆ ಹೊಸ ಪೇಂಟರ್ ಬಂದಿದ್ದ. ನಾನು ನೇರ ಮಾಡಿದ ಬಾಗಿಲಿಗೆ ಅವನು ಬಣ್ಣ ಹೊಡೆಯುವುದನ್ನು ನೋಡಲು ಆಗಲಿಲ್ಲ. ಶುಕ್ರವಾರ ವಾರ್ಡಿನಲ್ಲಿ ಅಕ್ಕನ ಕಾಲ್ ಬಂತು. ಭಾವನ ಮುಂದೆ ಹಿಡಿಯುವ ಬದಲು ನನ್ನ ಮುಂದೆಯೇ ಹಿಡಿದೆ. ಬೇಡ ಎಂದು ಭಾವ ಮಂಚದಿಂದ ಹೇಳುತ್ತಲೇ ಇದ್ದರು. ನಾನು ಎಲ್ಲ ಹೇಳಿದೆ. ಕಪ್ಪು ತೋರಿಸಿದ್ದು, ಅಜ್ಜ ಎಂದು ಹಂಗಿಸಿದ್ದು, ಕುತ್ತಿಗೆ ಬಿಟ್ಟು ಎತ್ತಿದ್ದು, ಜಾರಿದರು ಎಂದು ಬರೆಸಿದ್ದು.

ಅಕ್ಕನ ಹಿಂದೆ ಕುಕ್ಕರ್ ಕೂಗಿತು. ಅವಳು ಏಳಲಿಲ್ಲ.

"ಕುಡ್ದಿರ್ಲಿಲ್ವಾ?"

"ಇಲ್ಲ ಅಕ್ಕ. ಮೂರು ವರ್ಷದಿಂದ ಒಂದು ಹನಿ ಇಲ್ಲ."

"ಫೋನ್ ಅವರಿಗೆ ಕೊಡು."

ಕೊಡುವುದು ಹೇಗೆ? ಅವರ ಕೈ ಏಳುವುದಿಲ್ಲ. ನಾನೇ ಹಿಡಿದು ನಿಂತೆ. ಅಕ್ಕ ಅವರ ಹತ್ತಿರ ತಪ್ಪಾಯಿತು ಎಂದಳು. ಇನ್ನೂ ಏನೇನೋ ಹೇಳಿದಳು, ಗಂಡ ಹೆಂಡತಿ ಮಾತ್ರ ಕೇಳಬೇಕಾದ ಮಾತು. ನನಗೆ ಹೊರಗೆ ಹೋಗಲು ದಾರಿ ಇರಲಿಲ್ಲ. ಭಾವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಇನ್ನೊಂದು ಕೈಯಲ್ಲಿ ಒರೆಸಿದೆ. ಕೈ ನೋಯುತ್ತಿತ್ತು, ಬದಲಾಯಿಸಲಿಲ್ಲ.

ಕೊನೆಗೆ ಅಕ್ಕ ಭಾವನಿಗೆ ಹೇಳಿದಳು, "ಅವನಿಗೆ ಹೇಳಿ, ನಿಮ್ಮನ್ನು ಕರ್ಕೊಂಡು ಬರುವ ದಿನ ಯಾವುದಂತ ತಿಳಿಸ್ಲಿಕ್ಕೆ."

ಭಾವ ನನ್ನ ಕಡೆ ಕಣ್ಣು ತಿರುಗಿಸಿದರು. "ಕೇಳಿತಾ?"

ಕೇಳಿತು ಎಂದೆ. ಕೇಳಿತಂತೆ ಎಂದು ಅವರು ಅಕ್ಕನಿಗೆ ಹೇಳಿದರು.