ಸೊಸೆಗೂ ಇನ್ಸ್‌ಪೆಕ್ಟರಿಗೂ ನಂಟು ಹಾಕಿದ ಅತ್ತಿ

ಒಣಮೆಣಸಿನಕಾಯಿಯ ತೊಟ್ಟು ಮುರಿದು ಮುರಿದು ಅತ್ತಿಯ ಬೆರಳ ತುದಿಗಳು ಸದಾ ಕೆಂಪಗೆ ಊದಿಕೊಂಡಿರುತ್ತಿದ್ದವು. ಕಣ್ಣು ಉರಿದರೆ ಕೈ ಒಯ್ಯುತ್ತಿರಲಿಲ್ಲ, ಮೊಣಕೈ ಎತ್ತಿ ರವಿಕೆಯ ತೋಳಿಗೆ ಒರೆಸಿಕೊಳ್ಳುತ್ತಿದ್ದಳು. ನಮಗೆ ಕಥೆ ಹೇಳುವ ನಡುವೆ ಹಾಗೆ ಒರೆಸಿಕೊಂಡರೆ ಅಳು ಬಂತೋ ಖಾರ ಹತ್ತಿತೋ ತಿಳಿಯದೆ ನಾವೂ ಮೂಗೆಳೆಯುತ್ತಿದ್ದೆವು.

ನನಗೆ ಆಕೆ ರಕ್ತಸಂಬಂಧಿಯಲ್ಲ, ಮಾನ್ವಿಯ ನಮ್ಮ ಓಣಿಗೆಲ್ಲ ಅತ್ತಿ. ಕೂಲಿ ಹೆಂಗಸರ ಗುಂಪಿಗೆ ಮೇಸ್ತ್ರಿ. ಬಿ.ಎ. ಓದುವಾಗ ರಜೆಯಲ್ಲಿ ನಾನೂ ಆಕೆಯ ಹಿಂದೆ ಮಲ್ಲಟದ ಕಣಕ್ಕೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದೆ. ಆ ಗುಂಪಿನಲ್ಲಿ ಅರಕೇರಾ ಕಡೆಯಿಂದ ಬಂದು ನೆಲೆಸಿದವರು ಒಂದು ಪಕ್ಷ, ಹುಟ್ಟಾ ಮಾನ್ವಿಯವರು ಇನ್ನೊಂದು. ಅವರು ನೋಡುತ್ತಿದ್ದುದು ದೊಡ್ಡಮನೆಯ ಸೊಸೆಯೊಬ್ಬಳ ಧಾರಾವಾಹಿ, ಇವರು ನೋಡುತ್ತಿದ್ದುದು ಹೆಣ್ಣು ಇನ್ಸ್‌ಪೆಕ್ಟರೊಬ್ಬಳದು. ಎರಡೂ ಒಂದೇ ಹೊತ್ತಿಗೆ, ಬೇರೆ ಬೇರೆ ಚಾನೆಲ್ಲಿನಲ್ಲಿ. ಯಾವುದು ಹೆಚ್ಚು ಎಂದು ಮುಂಜಾನೆ ಗಾಡಿ ಹತ್ತಿದಾಗ ಶುರುವಾದ ಜಗಳ ಸಂಜೆಯಾದರೂ ಮುಗಿಯುತ್ತಿರಲಿಲ್ಲ.

ಕಣದಲ್ಲಿ ಒಂದು ರಾಶಿಗೆ ಇಬ್ಬರು ಕೂರುವುದು ಪದ್ಧತಿ. ಒಬ್ಬಳು ತೊಟ್ಟು ಉಳಿಸಿದರೂ ರಾಶಿ ವಾಪಸು ಬರುತ್ತದೆ, ಇಬ್ಬರೂ ಮತ್ತೆ ಕೂತು ಆರಿಸಬೇಕು. ಜಗಳದ ಗದ್ದಲದಲ್ಲಿ ರಾಶಿಗಳು ವಾಪಸು ಬರತೊಡಗಿದಾಗ ಅತ್ತಿ ಒಂದೊಂದು ರಾಶಿಗೆ ಆ ಪಕ್ಷದವಳೊಬ್ಬಳು, ಈ ಪಕ್ಷದವಳೊಬ್ಬಳು ಎಂದು ಕೂರಿಸಿದಳು. ಎಲ್ಲರೂ ಮುಖ ಊದಿಸಿಕೊಂಡು ಕೂತರು. ಆಗ ಆಕೆ ಏನೂ ಆಗಿಲ್ಲವೆಂಬ ಹಾಗೆ ಹೇಳಿದಳು: "ಸೊಸಿಗೆ ಸಣ್ಣಾಕಿದ್ದಾಗ ಕಳಕೊಂಡ ತಂಗಿ ಇದ್ದಳು, ಹೌದಲ್ಲ? ಆ ತಂಗೀನ ಈ ಇನ್ಸ್‌ಪೆಕ್ಟರ."

"ಅದೆಲ್ಲಿ ತೋರ್ಸ್ಯಾರ?" ಎಂದು ಒಬ್ಬಳು ಎಗರಿದಳು.

"ನೀ ಉಣ್ಣಾಕ ಎದ್ದು ಹೋಗಿದ್ದಿ. ಆವಾಗ ತೋರ್ಸಿದ್ರು."

ಅತ್ತಿ ರಿಮೋಟು ಹಿಡಿದು, ಇಲ್ಲಿ ಜಾಹೀರಾತು ಬಂದರೆ ಅಲ್ಲಿ, ಅಲ್ಲಿ ಬಂದರೆ ಇಲ್ಲಿ ಜಿಗಿದು ಎರಡನ್ನೂ ಅರ್ಧರ್ಧ ನೋಡುತ್ತಿದ್ದಳು. ಉಳಿದರ್ಧ ಆಕೆಯದೇ. ವಾರದೊಳಗೆ ಎರಡೂ ಪಕ್ಷದವರು ಬುತ್ತಿ ಬಿಚ್ಚಿ ಪಲ್ಯ ಹಂಚಿಕೊಳ್ಳತೊಡಗಿದ್ದರು. ಇನ್ಸ್‌ಪೆಕ್ಟರಿನ ಧಾರಾವಾಹಿ ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋದಾಗಲೂ ನಮ್ಮ ಕಣದಲ್ಲಿ ಅದು ನಿಲ್ಲಲಿಲ್ಲ. "ಆಕಿಗೆ ವರ್ಗಾ ಆಗೇದ, ಅಕ್ಕನ ಮನ್ಯಾಗ ಇದ್ದಾಳ" ಅಂದಳು ಅತ್ತಿ. ಎಷ್ಟೋ ಹೆಂಗಸರು ತಿಂಗಳುಗಟ್ಟಲೆ ಸೊಸೆಯ ಮನೆಯಲ್ಲಿ ಆ ತಂಗಿಯನ್ನು ಹುಡುಕಿದರು. ನಾನೂ ಹುಡುಕಿದೆ, ಹೇಳಲು ನಾಚಿಕೆಯೇನಿಲ್ಲ.

ಈಗ ನಾನು ರಾಯಚೂರಿನಲ್ಲಿ ಕೂತು ಧಾರಾವಾಹಿ ಬರೆಯುತ್ತೇನೆ. ನನ್ನ ನಾಯಕಿ ಖಾನಾವಳಿ ನಡೆಸುವವಳು. ಹೋದ ವರ್ಷ ಚಾನೆಲ್ಲಿನವರು ಅವಳ ಕಥೆಯನ್ನು ತಮ್ಮದೇ ಇನ್ನೊಂದು ಧಾರಾವಾಹಿಯ ವಕೀಲೆಯ ಕಥೆಯೊಂದಿಗೆ ಐದು ದಿನ ಬೆರೆಸಿ ಮಹಾಸಂಗಮ ಮಾಡಲು ಹೇಳಿದರು. ಒಂದು ಮದುವೆ ಇಟ್ಟು ಇಬ್ಬರನ್ನೂ ಕರೆಸಿದೆ. ಬರೆದದ್ದನ್ನು ನಿರ್ಮಾಪಕರು ಎರಡು ಸಲ ತಿರುಗಿಸಿ ಕಳಿಸಿದರು. ಮೂರನೆಯದೂ ಹೀಗೇ ಇದ್ದರೆ ಬೇರೆಯವರಿಂದ ಬರೆಸುತ್ತೇವೆ, ಆಮೇಲೆ ಇಡೀ ಧಾರಾವಾಹಿಯೂ ಅವರ ಕೈಗೇ ಎಂದರು. ಮರುದಿನವೇ ಮಾನ್ವಿಯ ಬಸ್ಸು ಹತ್ತಿದೆ.

ಅತ್ತಿ ಎಲ್ಲ ಕೇಳಿದಳು. "ಕರದಿ, ಬಂದ್ರು, ಉಂಡ್ರು, ಹೋದ್ರು. ಯಾರ ಮನೀದು ಏನ್ ಹೋತು?"

ನಾನು ಚೀಲದಿಂದ ಹೊಸ ಹಾಳೆ ತೆಗೆದೆ.

"ಇಬ್ರನ್ನೂ ಒಂದ ರಾಶಿಗೆ ಕುಂದ್ರಸು. ಈಕಿ ತಪ್ಪಿಗೆ ಆಕಿ ಕೆಲಸ ಕೆಡಬೇಕು. ಕೆಟ್ಟಿದ್ದು ಇಬ್ರೂ ಕೂಡಿ ಸರಿ ಮಾಡ್ಬೇಕು. ಅಲ್ಲೀ ಮಟ ಅವ್ರು ಬರೇ ಮುಖ ಗುರ್ತಿನವ್ರು."

ಅಲ್ಲೇ ಆಕೆಯ ಕಟ್ಟೆಯ ಮೇಲೆ ಕೂತು ಬರೆದೆವು. ಹೆದರಿ ಅಡಗಿದ್ದ ಸಾಕ್ಷಿಗೆ ಖಾನಾವಳಿಯವಳು ಅಯ್ಯೋ ಪಾಪ ಎಂದು ಊಟ ಹಾಕಿ, ಊರ ಬಸ್ಸು ಹತ್ತಿಸುತ್ತಾಳೆ. ವಕೀಲೆ ಹುಡುಕುತ್ತಿದ್ದುದು ಅವನನ್ನೇ. ಕೇಸು ಬಿದ್ದುಹೋಗುತ್ತದೆ. ಅಂಗಡಿಗೆ ಬೀಗ ಹಾಕಿ ಸಾಕ್ಷಿಯನ್ನು ಹುಡುಕಲು ಹೊರಡುವವಳು ಖಾನಾವಳಿಯವಳೇ, ಜೊತೆಗೆ ಹೊರಡುವವಳು ಅವಳೊಡನೆ ಮಾತು ಬಿಟ್ಟ ವಕೀಲೆ.

ಓದಿದ ಕೂಡಲೇ ನಿರ್ಮಾಪಕರು ಫೋನು ಮಾಡಿದರು. "ಇದೇ ಬೇಕಿತ್ತು. ಮುಂದಿನ ವರ್ಷದ ಮಹಾಸಂಗಮವೂ ನಿಮ್ಮದೇ." ಕಥೆ ಬರೆದವರಲ್ಲಿ ಇನ್ನೊಂದು ಹೆಸರು ಹಾಕಬೇಕು ಎಂದೆ. ಯಾರದು ಎಂದರು. ನಮ್ಮ ಮೇಸ್ತ್ರಿಯದು ಎಂದೆ. ಹಾಗೆಲ್ಲ ಪದ್ಧತಿಯಿಲ್ಲ ಎಂದಾಗ ನನ್ನ ಸಿಟ್ಟು ನೆತ್ತಿಗೇರಿತು. ಹಾಗಾದರೆ ನನ್ನ ಹೆಸರೂ ಬೇಡ ಅಂದುಬಿಟ್ಟೆ. ಅರ್ಧ ದಿನ ಸತಾಯಿಸಿ ಒಪ್ಪಿದರು.

ಮೊದಲ ಸಂಚಿಕೆಯ ಸಂಜೆ ಓಣಿಯವರು ಟಿವಿಯನ್ನು ಕಟ್ಟೆಗೆ ತಂದಿಟ್ಟಿದ್ದರು. ಅರಕೇರಾದವರು, ಮಾನ್ವಿಯವರು ಎಲ್ಲ ಒಂದೇ ಚಾಪೆಯ ಮೇಲೆ. ಕೇಸು ಬಿದ್ದಾಗ ನನ್ನ ನಾಯಕಿಗೆ ಬಿದ್ದ ಬೈಗುಳ ಕೇಳಿ ಹೊಟ್ಟೆ ತುಂಬಿತು. ಕೊನೆಯಲ್ಲಿ ಹೆಸರುಗಳು ಬಂದವು. ಹೆಂಗಸೊಬ್ಬಳು ಅತ್ತಿಯ ಹೆಸರನ್ನು ಗಟ್ಟಿಯಾಗಿ ಓದಿ ಎದ್ದು ನಿಂತಳು. ಅವಳ ಹಿಂದೆ ಇಡೀ ಓಣಿ ಎದ್ದಿತು.

ಓದಲು ಬಾರದ ಅತ್ತಿ ಮಾತ್ರ ಕೂತೇ ಇದ್ದಳು. "ನನ್ನ ಹೆಸರು ನಾಳೆನೂ ಬರ್ತದೇನು?" ಎಂದು ಕೇಳಿದಳು.

"ಐದೂ ದಿನ ಬರ್ತದ, ಅತ್ತಿ."

"ಎಲ್ಲಿ ಬರ್ತದ, ನಿನ್ನ ಹೆಸರಿನ ಕೆಳಗೇನು?"

"ಮ್ಯಾಲೆ," ಎಂದೆ. ನಾನು ಬರೆಯುತ್ತಿರುವವರೆಗೂ ಆಕೆಯ ಹೆಸರು ಅಲ್ಲೇ ಇರುತ್ತದೆ.